‘ಹಿನ್ನೆಲೆ ಸಂಗೀತ’ ಅಂದರೆ ಸರಿಯೇ? ಮೂಕಿ ಚಿತ್ರಕ್ಕೆ ಎದುರೇ ಕೂತು ನುಡಿಸುವ ಸಂಗೀತ

ಗೆಳೆಯರೇ,

ಸ್ಟೀವನ್ ಸೆವೆರಿನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಲಂಡನ್ನಿನಲ್ಲಿ 1976ರಲ್ಲಿ ಶುರುವಾದ ‘ಸೂಸಿ ಅಂಡ್ ದ ಬ್ಯಾನ್‌ಶೀಸ್’ ತಂಡದ ಬೇಸ್ ಗಿಟಾರ್ ವಾದಕ ಈತ. ತಂಡದ ಶೈಲಿಯ ಹೆಸರು ಪೋಸ್ಟ್-ಪಂಕ್, ಅಂದರೆ ಪಂಕ್ ರಾಕ್ ಆದಮೇಲೆ ಬಂದ ಸಂಗೀತ. ಆ ಪದವನ್ನು ಹಾಗೇ ಬಿಟ್ಟಿದ್ದೇನೆ. ‘ಪಂಕೋತ್ತರ’ ಅಂದರೆ ಕೆಸರು ದಾಟಿ ಬಂದವರು ಅಂತಾಗುತ್ತದೆ!

1996ರಲ್ಲಿ ತಂಡ ಒಡೆಯಿತು. ಆಮೇಲೆ ಸೆವೆರಿನ್ ಸಿನಿಮಾ ಸಂಗೀತಕ್ಕೆ ಹೊರಳಿದ. ಹಳೇ ಮೂಕಿ ಚಿತ್ರಗಳಿಗೆ ಹೊಸ ಸಂಗೀತ ಕಟ್ಟಿ, ಥಿಯೇಟರಿನಲ್ಲಿ ಚಿತ್ರ ಓಡುತ್ತಿರುವಾಗಲೇ ಒಬ್ಬನೇ ಕೂತು ನುಡಿಸತೊಡಗಿದ. ಅವುಗಳಲ್ಲಿ ಒಂದು 1928ರ ‘ದ ಸೀಶೆಲ್ ಅಂಡ್ ದ ಕ್ಲರ್ಜಿಮನ್’. ನಿರ್ದೇಶನ ಜರ್ಮೇನ್ ದ್ಯುಲಾಕ್, ಚಿತ್ರಕಥೆ ನಮ್ಮ ರಂಗಭೂಮಿಯವರಿಗೂ ಗೊತ್ತಿರುವ ಫ್ರೆಂಚ್ ರಂಗಕರ್ಮಿ ಆಂತೋನಿನ್ ಆರ್ತೋ. ಅರ್ಥವೇ ಇಲ್ಲ ಅನ್ನುವಷ್ಟು ಗೂಢವಾಗಿದೆ, ಏನಾದರೂ ಅರ್ಥವಿದ್ದರೆ ಅದು ಆಕ್ಷೇಪಾರ್ಹವೇ ಇರಬೇಕು ಅಂತ ಬ್ರಿಟಿಷ್ ಸೆನ್ಸಾರಿನವರು ಇದನ್ನು ತಡೆದಿದ್ದರು.

ಶುರುವಿನಲ್ಲೇ ಒಬ್ಬ ಪಾದ್ರಿ ಚಿಪ್ಪಿನಿಂದ ಗಾಜಿನ ಪಾತ್ರೆಗಳಿಗೆ ಏನೋ ದ್ರವ ಸುರಿಯುತ್ತಾನೆ, ಒಂದೊಂದಾಗಿ ಒಡೆಯುತ್ತಾನೆ. ಒಡೆದ ಸದ್ದು ಚಿತ್ರದಲ್ಲಿಲ್ಲ. ಮಾತೂ ಇಲ್ಲ. ಕಿವಿಗೆ ಬೀಳುವುದೆಲ್ಲ ಸೆವೆರಿನ್‌ನ ಸಂಗೀತವೇ. ಇದನ್ನು ‘ಹಿನ್ನೆಲೆ’ ಅಂತ ಹೇಗೆ ಕರೆಯೋದು? ಮುನ್ನೆಲೆಯಲ್ಲಿ ಮಾತು, ಹಾಡು ಇದ್ದಾಗ ತಾನೇ ಹಿನ್ನೆಲೆ? ಬಿಜಿಎಂ ಅಂದರೂ ಅದೇ ಕಥೆ. ‘ರೀರೆಕಾರ್ಡಿಂಗ್’ ಸ್ಟುಡಿಯೋ ಮಾತು, ಇಲ್ಲಿಗೆ ಒಗ್ಗಲ್ಲ.

‘ಹಿಮ್ಮೇಳ’ ನನಗೆ ತುಂಬ ಇಷ್ಟವಾಯಿತು. ಯಕ್ಷಗಾನದಲ್ಲಿ ಅದು ಕಣ್ಣೆದುರೇ ಇರುತ್ತದೆ, ಅಲ್ವಾ? ಆದರೆ ಅಲ್ಲಿ ಆಟದ ಲಗಾಮು ಭಾಗವತರ ಕೈಯಲ್ಲಿ. ಅವರು ಪದ್ಯ ಎಳೆದರೆ ವೇಷವೂ ಕುಣಿತ ಎಳೆಯಬೇಕು. ಇಲ್ಲಿ ಚಿತ್ರ ಯಾರಿಗೂ ಕಾಯುವುದಿಲ್ಲ, ನುಡಿಸುವವನೇ ಅದರ ಹಿಂದೆ ಓಡಬೇಕು. ಆ ಲೆಕ್ಕದಲ್ಲಿ ‘ಪಕ್ಕವಾದ್ಯ’ ಹತ್ತಿರ. ಆದರೆ ಕಚೇರಿಯಲ್ಲಿ ಪಿಟೀಲಿನವರು ಅಲ್ಲಲ್ಲೇ ಕಲ್ಪಿಸಿ ನುಡಿಸುತ್ತಾರೆ, ಈತ ಮೊದಲೇ ಕಟ್ಟಿಟ್ಟುಕೊಂಡು ಬರುತ್ತಾನೆ. ಸದ್ಯಕ್ಕೆ ‘ಚಿತ್ರದ ಜೊತೆ ಸಂಗೀತ’ ಅಂತ ಬರೆದಿದ್ದೇನೆ. ಸಪ್ಪೆಯಾಗಿದೆ, ಆದರೆ ಸುಳ್ಳಲ್ಲ.

ಇನ್ನೊಂದು ತೊಡಕು ‘ಮೂಕಿ’ಯದು. ಸೆವೆರಿನ್ ಆರಿಸಿಕೊಂಡ, ಫ್ರೆಂಚ್ ಕವಿ-ನಿರ್ದೇಶಕ ಕಾಕ್ತೋನ ‘ದ ಬ್ಲಡ್ ಆಫ್ ಎ ಪೊಯೆಟ್’ಗೆ ಜಾರ್ಜ್ ಔರಿಕ್‌ನ ಸಂಗೀತ ಮೊದಲೇ ಇತ್ತು, ಮಾತೂ ಇತ್ತು. ಆತ ಆರಿಸಿಕೊಂಡ ಇನ್ನೊಂದು ಚಿತ್ರ, ಡೆನ್ಮಾರ್ಕಿನ ನಿರ್ದೇಶಕ ಡ್ರೆಯರ್‌ನ 1932ರ ‘ವ್ಯಾಂಪೈರ್’ನಲ್ಲೂ ಮಾತಿದೆ, ಕಮ್ಮಿ ಅಷ್ಟೆ. ಇವನ್ನು ಮೂಕಿ ಅನ್ನಬಹುದೇ? ನಮ್ಮಲ್ಲಿ 1987ರ ‘ಪುಷ್ಪಕ ವಿಮಾನ’ವನ್ನು ಜನ ಸುಮ್ನೆ ಮೂಕಿ ಅಂದುಬಿಡುತ್ತಾರೆ. ಅದರಲ್ಲಿ ಸಂಭಾಷಣೆ ಮಾತ್ರ ಇಲ್ಲ, ಸದ್ದಿಗೇನೂ ಬರವಿಲ್ಲ. ನಾನು ‘ಮಾತು ಕಮ್ಮಿಯ ಚಿತ್ರ’ ಅಂತ ಬೇರೆಯಾಗಿಯೇ ಬರೆಯೋಣ ಅಂದುಕೊಂಡಿದ್ದೇನೆ.

ಮೂಕಿ ಕಾಲದಲ್ಲಿ ಪರದೆಯ ಪಕ್ಕ ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದವರನ್ನು ನಮ್ಮ ಕಡೆ ಏನಂತ ಕರೆಯುತ್ತಿದ್ದರು? ಹಳೇ ಕರಪತ್ರದಲ್ಲೋ ಆತ್ಮಕಥೆಯಲ್ಲೋ ಕಂಡಿದ್ದರೆ ದಯವಿಟ್ಟು ತಿಳಿಸಿ.