ಲೋಜ್ಬಾನ್‌ನಲ್ಲಿ ಕ್ರಿಯೆಯ ‘ಸಹಜ ಅಂತ್ಯ’ವನ್ನು ನಿರ್ಧರಿಸುವುದು ಯಾವುದು?

ಶಶಿಧರ:
ಲೋಗ್ಲಾನ್ ಎಂಬ ಕೃತಕ ಭಾಷೆಯಿಂದ ಕವಲೊಡೆದು 1987ರಲ್ಲಿ ಆರಂಭವಾದ, ತರ್ಕವನ್ನು ಆಧರಿಸಿ ರೂಪಿಸಿದ ಕೃತಕ ಭಾಷೆಯಾದ ಲೋಜ್ಬಾನ್‌ನಲ್ಲಿ ಕಾಲವನ್ನಾಗಲಿ ಕ್ರಿಯೆಯ ಅವಸ್ಥೆಯನ್ನಾಗಲಿ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ‘ಮಿ ಚಿದು’ ಎಂಬುದು ನಾನು ಓದಿದೆ, ಓದುತ್ತೇನೆ, ಓದಲಿದ್ದೇನೆ ಎಂಬ ಮೂರಕ್ಕೂ ಸಲ್ಲುತ್ತದೆ. ನಡುವೆ ‘ಶೊಹ’ ಸೇರಿದರೆ ಓದು ಶುರುವಾಯಿತು, ‘ಶಹೊ’ ಸೇರಿದರೆ ನಡೆಯುತ್ತಿದೆ, ‘ಶೊಹು’ ಸೇರಿದರೆ ನಿಂತಿತು, ‘ಮೊಹು’ ಸೇರಿದರೆ ಸಹಜ ಅಂತ್ಯವನ್ನು ಮುಟ್ಟಿ ಪೂರ್ಣವಾಯಿತು ಎಂದಾಗುತ್ತದೆ. ನನ್ನ ಆಕ್ಷೇಪವಿರುವುದು ಕೊನೆಯದರ ಬಗ್ಗೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ನಿಜ. ನಡಿಗೆಗೆ ಸಹಜ ಅಂತ್ಯ ಯಾವುದು? ವಾಕ್ಯರಚನೆಯಲ್ಲಿ ಸಂದಿಗ್ಧತೆಗೆ ಎಡೆಗೊಡದ ಭಾಷೆಯೊಂದು ಇಲ್ಲಿ ಅರ್ಥವನ್ನು ಕೇಳುಗನ ಊಹೆಗೆ ಬಿಟ್ಟುಬಿಟ್ಟಿದೆ.

ಮಾಲತಿ:
ಊಹೆಗೆ ಬಿಟ್ಟಿಲ್ಲ, ಪದದ ವ್ಯಾಖ್ಯೆಗೆ ಬಿಟ್ಟಿದೆ ಎಂಬುದು ನನ್ನ ವಾದ. ‘ಕ್ಲಮ’ ಮತ್ತು ‘ಲಿತ್ರು’ ಎರಡೂ ಸಂಚಾರವನ್ನೇ ಹೇಳುತ್ತವೆ. ಆದರೆ ‘ಕ್ಲಮ’ಕ್ಕೆ ಹೋಗುವವರು, ತಲುಪುವ ಸ್ಥಳ, ಹೊರಟ ಸ್ಥಳ, ದಾರಿ, ವಾಹನ ಎಂಬ ಐದು ಸ್ಥಾನಗಳಿದ್ದರೆ (ಸ್ಥಾನವೆಂದರೆ ಪದದ ವ್ಯಾಖ್ಯೆಯಲ್ಲೇ ಗೊತ್ತುಮಾಡಿರುವ, ವಾಕ್ಯದಲ್ಲಿ ತುಂಬಬಹುದಾದ ಪಾತ್ರ), ‘ಲಿತ್ರು’ವಿಗೆ ಪಯಣಿಗರು, ದಾರಿ, ಸಾಧನ ಎಂಬ ಮೂರೇ ಇವೆ. ತಲುಪುವ ಸ್ಥಳವನ್ನು ಬಾಯಿಬಿಟ್ಟು ಹೇಳದಿದ್ದರೂ ‘ಕ್ಲಮ’ದಲ್ಲಿ ಅದು ಅಡಗಿಯೇ ಇರುತ್ತದೆ, ಆದ್ದರಿಂದ ‘ಮೊಹು ಕ್ಲಮ’ ಎಂದರೆ ತಲುಪಿದ್ದು, ‘ಶೊಹು ಕ್ಲಮ’ ಎಂದರೆ ಹೋಗುವುದನ್ನು ನಿಲ್ಲಿಸಿದ್ದು, ತಲುಪಿದರೋ ಇಲ್ಲವೋ ಬೇರೆ ಮಾತು. ಈ ಭೇದವನ್ನು ಇಷ್ಟು ಚಿಕ್ಕ ಪದಗಳಲ್ಲಿ ಹಿಡಿದಿಟ್ಟಿರುವುದು ನನಗೆ ಲೋಜ್ಬಾನ್‌ನ ಅತ್ಯಂತ ಸುಂದರ ಭಾಗವೆನಿಸುತ್ತದೆ.

ನಾಗೇಶ:
1957ರಲ್ಲಿ ಭಾಷಾ ತತ್ವಜ್ಞಾನಿ ಜೀನೋ ವೆಂಡ್ಲರ್ ಕ್ರಿಯಾಪದಗಳನ್ನು ಸ್ಥಿತಿ, ಚಟುವಟಿಕೆ, ಗುರಿಯುಳ್ಳ ಪ್ರಕ್ರಿಯೆ, ಕ್ಷಣಿಕ ಘಟನೆ ಎಂದು ವಿಂಗಡಿಸಿದ್ದನ್ನು ಇಲ್ಲಿ ನೆನೆಯಬೇಕು. ಲೋಜ್ಬಾನ್ ಆ ವಿಂಗಡಣೆಯನ್ನು ಕ್ರಿಯಾಪದಕ್ಕೇ ಅಂಟಿಸುವುದಿಲ್ಲ. ಒಂದೇ ಘಟನೆಯನ್ನು ‘ಜ಼ಹಿ’ ಎಂದು ಸ್ಥಿತಿಯಾಗಿಯೂ, ‘ಜ಼ುಹೊ’ ಎಂದು ಚಟುವಟಿಕೆಯಾಗಿಯೂ, ‘ಪುಹು’ ಎಂದು ಹಂತಗಳುಳ್ಳ ಪ್ರಕ್ರಿಯೆಯಾಗಿಯೂ, ‘ಮುಹೆ’ ಎಂದು ಬಿಂದುವಾಗಿಯೂ ನೋಡುವ ಸ್ವಾತಂತ್ರ್ಯ ಮಾತಾಡುವವರಿಗಿದೆ. ಹಾಗಿರುವಾಗ ಅಂತ್ಯವೂ ಅವರ ದೃಷ್ಟಿಯನ್ನೇ ಅವಲಂಬಿಸುತ್ತದೆ, ಪದದ ವ್ಯಾಖ್ಯೆಯೊಂದನ್ನೇ ಅಲ್ಲ.

ಶಶಿಧರ:
ನಾಗೇಶರ ಮಾತು ನನ್ನ ಆಕ್ಷೇಪವನ್ನೇ ಬಲಪಡಿಸುತ್ತದೆ. ಸಹಜ ಅಂತ್ಯವನ್ನು ದಾಟಿಯೂ ಮುಂದುವರಿಯುವುದಕ್ಕೆ ‘ಜ಼ಹೊ’ ಇದೆ. ಗಂಟೆ ಬಾರಿಸಿದ ಮೇಲೂ ಪಾಠ ಮುಂದುವರಿಸುವ ಅಧ್ಯಾಪಕರ ಬಗ್ಗೆ ಅದನ್ನು ಬಳಸಿದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಕಲಿಸುವುದಕ್ಕಿರುವ ‘ಶ್ತುಶ’ ಎಂಬ ಪದದ ಸ್ಥಾನಗಳಲ್ಲಿ ಕಲಿಸುವವರು, ಕಲಿಯುವವರು, ವಿಚಾರ, ವಿಷಯ, ವಿಧಾನ ಇವೆಯೇ ಹೊರತು ಗಂಟೆಯಿಲ್ಲ. ಆ ಅಂತ್ಯ ಬಂದದ್ದು ಶಾಲೆಯ ವೇಳಾಪಟ್ಟಿಯಿಂದ.

ಮಾಲತಿ:
ಆ ಉದಾಹರಣೆಯಲ್ಲಿ ಅಂತ್ಯ ಹೊರಗಿನಿಂದ ಬಂದಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ವೇಳೆ ಮೀರಿದ್ದನ್ನು ಪ್ರತ್ಯೇಕವಾಗಿ ಹೇಳಲು ಬೇಕಾದ ವ್ಯಾಕರಣ ಲೋಜ್ಬಾನ್‌ನಲ್ಲಿದೆ. ಹೇಳದೆ ‘ಜ಼ಹೊ’ವನ್ನಷ್ಟೇ ಬಳಸಿದರೆ, ವಿಚಾರ ಪೂರ್ತಿಯಾದ ಮೇಲೂ ಕಲಿಸುತ್ತಲೇ ಇದ್ದರೆಂದು ಓದುವ ಹಕ್ಕು ಕೇಳುಗರಿಗಿರಬೇಕು. ‘ಲಿತ್ರು’ವಿನಂತೆ ಗುರಿಯ ಸ್ಥಾನವೇ ಇಲ್ಲದ ಪದಗಳ ಜೊತೆ ನಾನಂತೂ ‘ಮೊಹು’ ಬಳಸುವುದಿಲ್ಲ, ‘ಶೊಹು’ ಬಳಸುತ್ತೇನೆ.