ಸಹಾಯ ಬೇಕು: ಸೀನಿಯರ್ ಬರೆದ ರಿಸರ್ಚ್ ಕೋಡ್‌ಗೆ ಲೈಸೆನ್ಸ್ ಯಾರು ಹಾಕ್ಬೇಕು?

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೇಲಿ ಪಿಎಚ್‌ಡಿ ಮಾಡ್ತಿದೀನಿ. ಚಳ್ಳಕೆರೆ ಕಡೆ ಮಳೆ ಲೆಕ್ಕ ಇಟ್ಕೊಂಡು ಶೇಂಗಾ ಇಳುವರಿ ಅಂದಾಜು ಮಾಡೋ ಒಂದು ಪ್ರೋಗ್ರಾಂ ನಮ್ಮ ಲ್ಯಾಬಲ್ಲಿ ಐತೆ, ಬರೆದ ಸೀನಿಯರ್ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ್ರು, ಗೈಡ್ ಈ ವರ್ಷ ರಿಟೈರ್ ಆಗ್ತಾರೆ, ಕೋಡ್ ಇದ್ದಿದ್ದು ಒಂದು ಹಳೇ ಡೆಸ್ಕ್‌ಟಾಪಲ್ಲಿ ಅಷ್ಟೇ. ಅದೂ ಪೈಥಾನ್ 2 ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೇಲಿ, ಅದರ ಸಪೋರ್ಟ್ 2020ರ ಜನವರಿಗೇ ನಿಂತೋಯ್ತು. ಸೀನಿಯರ್ ಥೀಸಿಸ್ ಏನೋ ಶೋಧಗಂಗಾದಲ್ಲಿ (ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ಸಿಗುತ್ತೆ, ಆದ್ರೆ ಅದರೊಳಗಿನ ಗ್ರಾಫ್ ಹುಟ್ಟಿಸಿದ ಕೋಡ್ ಮಾತ್ರ ಯಾರಿಗೂ ಬೇಡದ ಕೂಸು.

ಡಾಕರ್ (ಸಾಫ್ಟ್‌ವೇರನ್ನ ಬೇರೆ ಡಬ್ಬಿಯಲ್ಲಿಟ್ಟಂಗೆ ಓಡಿಸೋ ಟೂಲ್) ಒಳಗೆ ಹಳೇ ಪೈಥಾನ್ ಹಾಕಿ ನೋಡ್ದೆ, ಓಡ್ತು. ಲೈಬ್ರರಿ ವರ್ಷನ್ ಎಲ್ಲ ಬರೆದಿಟ್ಟು ಕೋಡ್ ಇಡೋ ವೆಬ್‌ಸೈಟ್ ಗಿಟ್‌ಹಬ್‌ಗೆ ಪ್ರೈವೇಟ್ ಆಗಿ ಏರಿಸಿದೀನಿ. ಆದ್ರೆ ಗಿಟ್‌ಹಬ್ ಆರ್ಕೈವ್ ಅಲ್ವಲ್ಲ, ಅಕೌಂಟ್ ಡಿಲೀಟ್ ಆದ್ರೆ ಮುಗೀತು, ಅದಕ್ಕೆ ಝೆನೋಡೋ ಅನ್ನೋ ರಿಸರ್ಚ್ ಆರ್ಕೈವ್‌ಗೆ ಹಾಕಿ ಡಿಒಐ, ಅಂದ್ರೆ ಬದಲಾಗದ ಗುರುತಿನ ನಂಬರ್, ತಗೊಳೋಣ ಅಂತ ಹೊರಟೆ (ಝೆನೋಡೋ ಜಿನೀವಾದ ಸರ್ನ್ ಸಂಶೋಧನಾ ಸಂಸ್ಥೆಯವರು 2013ರಿಂದ ನಡೆಸ್ತಿರೋದು, ದುಡ್ಡು ಕೇಳಲ್ಲ). ಅಲ್ಲಿ ಲೈಸೆನ್ಸ್ ಯಾವ್ದು ಅನ್ನೋ ಜಾಗ ಬಂತು ನೋಡಿ, ಅಲ್ಲೇ ಸಿಕ್ಕಾಕೊಂಡೆ. ಸೀನಿಯರ್ ಯಾವ ಲೈಸೆನ್ಸೂ ಬರೆದಿಲ್ಲ, ಬರೆದಿಲ್ಲ ಅಂದ್ರೆ ಬೇರೆಯವರು ಬಳಸೋ ಹಾಗಿಲ್ಲ ಅಂತಾನೇ ಅರ್ಥ. ಫೋನ್ ಮಾಡಿದ್ರೆ 'ಏನ್ ಬೇಕಾದ್ರೂ ಮಾಡ್ಕೊ ತಮ್ಮಾ' ಅಂದ್ರು. ಗೈಡ್ 'ಯೂನಿವರ್ಸಿಟೀನ ಕೇಳು' ಅಂತಾರೆ, ಆಫೀಸಲ್ಲಿ ಕೇಳಿದ್ರೆ ಪೇಟೆಂಟ್ ಫಾರ್ಮ್ ಕೊಡ್ತಾರೆ!

ಫೆಲೋಶಿಪ್ ತಗೊಂಡು ಬರೆದ ಕೋಡ್‌ಗೆ ಎಂಐಟಿ ಥರದ, ಯಾರು ಬೇಕಾದ್ರೂ ಬಳಸ್ಬೋದು ಅನ್ನೋ ಲೈಸೆನ್ಸ್ ಹಾಕೋಕೆ ಸೀನಿಯರ್ ಈಮೇಲಲ್ಲಿ ಒಪ್ಪಿಗೆ ಕೊಟ್ರೆ ಸಾಕಾ, ಇಲ್ಲಾ ರಿಜಿಸ್ಟ್ರಾರ್ ಸಹಿ ಬೇಕೇ ಬೇಕಾ? ನಿಮ್ಮಲ್ಲಿ ಯಾರಾದ್ರೂ ಮಾಡಿದ್ರೆ ಯಾರ ಹತ್ರ ಬರೆಸ್ಕೊಂಡ್ರಿ ಹೇಳ್ರಿ.