ಚಿನ್ನದ ಸಾಲಕ್ಕೆ ಸಿದ್ಧ ನಿಯಮ ಟೆಂಪ್ಲೇಟ್: 3 ಲಕ್ಷದ ಒಡವೆಗೆ 2.40 ಲಕ್ಷವೇ ಏಕೆ ಬರುತ್ತಿದೆ?

ಕಡತಪಾಲಕ (ಪ್ರಶ್ನೆ):

ನಾನು ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿಯಲ್ಲಿ ತಂತ್ರಾಂಶ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಚಿನ್ನದ ಸಾಲದ ಅರ್ಜಿಗೆ ಎಷ್ಟು ಮೊತ್ತ ಕೊಡಬಹುದೆಂಬುದನ್ನು ಶಾಖೆಯ ಸಿಬ್ಬಂದಿ ಇದುವರೆಗೆ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕುತ್ತಿದ್ದರು. ಕೆಲವು ವಾರಗಳ ಹಿಂದೆ ವೆಂಡರ್ ಒದಗಿಸಿದ ಸಿದ್ಧ ಟೆಂಪ್ಲೇಟ್ ಬಳಸಿ ಆ ನಿರ್ಧಾರವನ್ನು ತಂತ್ರಾಂಶಕ್ಕೆ ಒಪ್ಪಿಸಿದ್ದೇವೆ. ಅದು ಎಕ್ಸೆಲ್ ಹಾಳೆಯಂತಹ ನಿರ್ಧಾರ ಕೋಷ್ಟಕ. ಎಡಗಡೆಯ ಕಾಲಂಗಳಲ್ಲಿ ಷರತ್ತುಗಳು, ಬಲಗಡೆ ಒಡವೆಯ ಬೆಲೆಯ ಶೇಕಡಾ ಎಷ್ಟು ಸಾಲ ಕೊಡಬಹುದೆಂಬ ಮಿತಿ. ಒಂದೊಂದು ಸಾಲೂ ಒಂದೊಂದು ನಿಯಮ. ಕೋಡ್ ಬರೆಯುವ ಅಗತ್ಯವಿಲ್ಲದ ಕಾರಣ ಎರಡೇ ದಿನಗಳಲ್ಲಿ ಕೆಲಸ ಮುಗಿಯಿತು.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 2.5 ಲಕ್ಷದವರೆಗೆ ಶೇ. 85, ಅದಕ್ಕಿಂತ ಮೇಲೆ 5 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲ್ಪಟ್ಟರೆ ಶೇ. 75 ಎಂದು ಮೂರು ಸಾಲುಗಳನ್ನು ತುಂಬಿದ್ದೇವೆ. ಕಳೆದ ವಾರ ಒಬ್ಬ ಗ್ರಾಹಕರು ತಂದ ಒಡವೆಗೆ ಅಪ್ರೈಸರ್ ಸರಿಯಾಗಿ 3 ಲಕ್ಷ ಬೆಲೆ ಕಟ್ಟಿದರು, ತಂತ್ರಾಂಶ 2.40 ಲಕ್ಷ ಎಂದಿತು. ಪಕ್ಕದ ಬೀದಿಯ ಬ್ಯಾಂಕಿನಲ್ಲಿ 2.50 ಲಕ್ಷ ಕೊಡುತ್ತಾರೆಂದು ಹೇಳಿ ಅವರು ಒಡವೆಯನ್ನು ವಾಪಸು ತೆಗೆದುಕೊಂಡು ಹೋದರು. ಅದು ಮಾತಿನ ಭರಾಟೆ ಎಂದು ಶಾಖೆಯವರು ಸುಮ್ಮನಾದರೂ ನನಗೆ ಸಮಾಧಾನವಾಗಲಿಲ್ಲ. ತಪ್ಪು ಟೆಂಪ್ಲೇಟಿನದ್ದೋ ಅಥವಾ ನಾವು ಅದನ್ನು ತುಂಬಿದ ರೀತಿಯದ್ದೋ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ನಿಯಮಯಂತ್ರ (ಉತ್ತರ):

ಕಡತಪಾಲಕರೇ, ನಿಮ್ಮ ಕೋಷ್ಟಕದ ಮೊದಲ ಕಾಲಂನ ಶೀರ್ಷಿಕೆಯನ್ನು ದಯವಿಟ್ಟು ನೋಡಿ ಹೇಳಿ. ಅಲ್ಲಿ ‘ಚಿನ್ನದ ಮೌಲ್ಯ’ ಎಂದಿರಬೇಕೆಂಬುದು ನನ್ನ ಊಹೆ. ನಿರ್ದೇಶನದಲ್ಲಿರುವ 2.5 ಲಕ್ಷ ಮತ್ತು 5 ಲಕ್ಷ ಸಾಲದ ಮೊತ್ತಕ್ಕೆ ಸಂಬಂಧಿಸಿದ ಗೆರೆಗಳೇ ಹೊರತು ಒಡವೆಯ ಬೆಲೆಗೆ ಸಂಬಂಧಿಸಿದವಲ್ಲ. 3 ಲಕ್ಷದ ಒಡವೆಯ ಮೇಲೆ 2.50 ಲಕ್ಷ ಕೊಟ್ಟರೆ ಅನುಪಾತ ಶೇ. 83.3 ಆಗುತ್ತದೆ. ಸಾಲವು 2.5 ಲಕ್ಷವನ್ನು ದಾಟದಿರುವುದರಿಂದ ಅದಕ್ಕೆ ಶೇ. 85ರವರೆಗೆ ಅವಕಾಶವಿದೆ; ಆದ್ದರಿಂದ ಪಕ್ಕದ ಬೀದಿಯವರು ಹೇಳಿದ್ದು ಸರಿ. ನಿಮ್ಮ ಕೋಷ್ಟಕ 3 ಲಕ್ಷವನ್ನು ಕಂಡೊಡನೆ ಎರಡನೆಯ ಸಾಲಿಗೆ ಹಾರಿ ಶೇ. 80 ಹಾಕಿದೆ.

ಟೆಂಪ್ಲೇಟಿನ ಮೂಲ ಬಹುಶಃ ಎಲ್ಲ ಮೊತ್ತಕ್ಕೂ ಶೇ. 75 ಇದ್ದ ಕಾಲದ್ದು. ಆಗ ಹಂತಗಳೇ ಇಲ್ಲದಿದ್ದುದರಿಂದ ಕಾಲಂನಲ್ಲಿ ಬೆಲೆ ಇದ್ದರೂ ಮೊತ್ತ ಇದ್ದರೂ ಉತ್ತರ ಒಂದೇ ಬರುತ್ತಿತ್ತು. ಈಗ ಅದೇ ಅಚ್ಚಿಗೆ ಮೂರು ಹಂತಗಳನ್ನು ಸುರಿದಿದ್ದಾರೆ.

ಈ ತಪ್ಪು ಬೇಗ ಬೆಳಕಿಗೆ ಬರುವಂಥದ್ದೂ ಅಲ್ಲ. ಒಡವೆಯ ಬೆಲೆ 5.50 ಲಕ್ಷವಿದ್ದರೆ ನಿಮ್ಮ ಕೋಷ್ಟಕ ಶೇ. 75ರಂತೆ 4,12,500 ಎನ್ನುತ್ತದೆ. ಸರಿಯಾದ ಮಿತಿ ಶೇ. 80ರಂತೆ 4,40,000. ಉತ್ತರ ಎಂದೂ ಮಿತಿಯನ್ನು ಮೀರದಿರುವುದರಿಂದ ನಿಯಮ ಉಲ್ಲಂಘನೆಯೆಂದು ಯಾವ ವರದಿಯೂ ಕೂಗುವುದಿಲ್ಲ. ನಷ್ಟ ಅನುಭವಿಸುವವರು ಗ್ರಾಹಕರು ಮಾತ್ರ, ಅವರಲ್ಲಿಯೂ ಹೆಚ್ಚಿನವರು ಏನೂ ಹೇಳದೆ ಎದ್ದು ಹೋಗುತ್ತಾರೆ.

ಕಾಲಂನ ಹೆಸರನ್ನು ‘ಸಾಲದ ಮೊತ್ತ’ ಎಂದು ಬದಲಿಸಿದರೆ ಸಾಕೇ ಎಂದರೆ ಸಾಲದು, ಏಕೆಂದರೆ ನೀವು ಕಂಡುಹಿಡಿಯಬೇಕಾಗಿರುವುದೇ ಆ ಮೊತ್ತ. ಶೇಕಡಾ ತಿಳಿಯಲು ಮೊತ್ತ ಬೇಕು, ಮೊತ್ತ ತಿಳಿಯಲು ಶೇಕಡಾ ಬೇಕು. ಇದಕ್ಕೆ ನಾನು ಅನುಸರಿಸುವ ದಾರಿ ಹೀಗಿದೆ. ಮೂರೂ ಸಾಲುಗಳು ಪ್ರತಿ ಅರ್ಜಿಗೂ ಅನ್ವಯಿಸಲಿ. ಮೊದಲನೆಯದು ‘2.5 ಲಕ್ಷ ಮತ್ತು ಬೆಲೆಯ ಶೇ. 85, ಇವುಗಳಲ್ಲಿ ಕಡಿಮೆಯದು’ ಎಂಬ ಉತ್ತರ ಕೊಡಲಿ. ಎರಡನೆಯದು ‘5 ಲಕ್ಷ ಮತ್ತು ಬೆಲೆಯ ಶೇ. 80, ಇವುಗಳಲ್ಲಿ ಕಡಿಮೆಯದು’ ಎಂದು ಕೊಡಲಿ. ಮೂರನೆಯದು ಬೆಲೆಯ ಶೇ. 75 ಮಾತ್ರ. ಬಂದ ಮೂರು ಮೊತ್ತಗಳಲ್ಲಿ ಅತಿ ಹೆಚ್ಚಿನದೇ ಗರಿಷ್ಠ ಸಾಲ. 3 ಲಕ್ಷಕ್ಕೆ 2.50, 2.40 ಮತ್ತು 2.25 ಬರುತ್ತವೆ, ಹಾಗಾಗಿ 2.50 ಲಕ್ಷ.

ಇಂಥ ನಿರ್ಧಾರ ಕೋಷ್ಟಕಗಳನ್ನು ಬರೆಯುವ ರೀತಿಗೆಂದೇ ರೂಪಿಸಿದ, 2015ರಲ್ಲಿ ಮೊದಲ ಆವೃತ್ತಿ ಕಂಡ ಡಿಎಂಎನ್ ಮಾನದಂಡದಲ್ಲಿ ಇದಕ್ಕೆ ನೇರ ಅವಕಾಶವಿದೆ. ಒಂದಕ್ಕಿಂತ ಹೆಚ್ಚು ಸಾಲು ಹೊಂದಿದಾಗ ಏನು ಮಾಡಬೇಕೆಂಬುದನ್ನು ಕೋಷ್ಟಕದ ಮೂಲೆಯಲ್ಲಿರುವ ‘ಹಿಟ್ ಪಾಲಿಸಿ’ ಹೇಳುತ್ತದೆ. ಅದನ್ನು ‘ಕಲೆಕ್ಟ್’ (ಹೊಂದಿದ ಎಲ್ಲ ಸಾಲುಗಳ ಉತ್ತರವನ್ನೂ ಸಂಗ್ರಹಿಸು) ಎಂದಿಟ್ಟು ಗರಿಷ್ಠವನ್ನು ಆರಿಸಲು ಸೂಚಿಸಬಹುದು. ಈಗ ನಿಮ್ಮಲ್ಲಿ ಅದು ‘ಫಸ್ಟ್’ ಎಂದಿದೆಯೇ, ನೋಡಿ. ಹಾಗಿದ್ದರೆ ಎರಡು ಸಾಲುಗಳು ಒಂದರ ಮೇಲೊಂದು ಬಿದ್ದರೂ ತಂತ್ರಾಂಶ ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ಸುಮ್ಮನಿರುತ್ತದೆ. ‘ಯುನೀಕ್’ (ಒಂದೇ ಸಾಲು ಹೊಂದಬೇಕು) ಎಂದಿಟ್ಟಿದ್ದರೆ, 2.5 ಲಕ್ಷದ ಗೆರೆ ಎರಡೂ ಸಾಲುಗಳಲ್ಲಿ ಸೇರಿಹೋಗಿದ್ದ ಪಕ್ಷದಲ್ಲಿ, ಸರಿಯಾಗಿ 2,50,000 ಬಂದ ದಿನವೇ ಅದು ದೂರುತ್ತಿತ್ತು.

ತಿಜೋರಿ_ಕೀಲಿ (ಉತ್ತರ):

ನಾನು 22 ವರ್ಷ ಚಿನ್ನದ ಸಾಲದ ಕೌಂಟರಿನಲ್ಲಿ ಕೆಲಸ ಮಾಡಿದವಳು. ತಂತ್ರಾಂಶದ ಒಳಗುಟ್ಟು ನನಗೆ ತಿಳಿಯದು. ನಿಯಮಯಂತ್ರ ಅವರು ಹೇಳಿದ ತಪ್ಪು ಗ್ರಾಹಕರಿಗೆ ಕಡಿಮೆ ಕೊಡುವಂಥದ್ದು. ಆದರೆ ಹೆಚ್ಚು ಕೊಟ್ಟುಬಿಡುವ ತಪ್ಪುಗಳೂ ಇದೇ ಟೆಂಪ್ಲೇಟಿನಲ್ಲಿ ಅಡಗಿರಬಹುದೆಂದು ನನಗೆ ಅನುಮಾನ.

ಮೊದಲನೆಯದಾಗಿ, ಈ ಹಂತಗಳು ಒಬ್ಬ ಸಾಲಗಾರರ ಒಟ್ಟು ಸಾಲಕ್ಕೆ ಅನ್ವಯಿಸುತ್ತವೆಯೇ ಹೊರತು ಒಂದು ಅರ್ಜಿಗಲ್ಲ. ಈಗಾಗಲೇ 2 ಲಕ್ಷ ಬಾಕಿ ಇರುವವರು ಮತ್ತೆ 1 ಲಕ್ಷದ ಬಳೆಗಳನ್ನು ತಂದರೆ ನಿಮ್ಮ ಕೋಷ್ಟಕ ಹೊಸ ಅರ್ಜಿಯನ್ನಷ್ಟೇ ನೋಡಿ 85,000 ಎನ್ನುತ್ತದೆ. ಒಟ್ಟು 2.85 ಲಕ್ಷವಾಗುವುದರಿಂದ ಅದಕ್ಕೆ ಶೇ. 85 ಸಲ್ಲದು.

ಎರಡನೆಯದಾಗಿ, ವರ್ಷದ ಕೊನೆಗೆ ಅಸಲು ಬಡ್ಡಿಗಳನ್ನು ಒಟ್ಟಿಗೆ ಕಟ್ಟುವ ಬುಲೆಟ್ ಸಾಲಗಳಲ್ಲಿ ಅನುಪಾತವನ್ನು ಕೈಗೆ ಕೊಟ್ಟ ಹಣದ ಮೇಲಲ್ಲ, ಅವಧಿಯ ಕೊನೆಗೆ ಬರಬೇಕಾದ ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕಬೇಕು. 2 ಲಕ್ಷದ ಒಡವೆಗೆ ಮಿತಿ 1,70,000. ಶೇ. 10ರ ಸರಳ ಬಡ್ಡಿಯಲ್ಲಿ 12 ತಿಂಗಳಿಗೆ ಅಷ್ಟಾಗಬೇಕಾದರೆ ಇಂದು ಕೊಡಬಹುದಾದದ್ದು ಸುಮಾರು 1,54,500 ಮಾತ್ರ. ಮರುಪಾವತಿಯ ವಿಧಾನಕ್ಕೆ ನಿಮ್ಮ ಕೋಷ್ಟಕದಲ್ಲಿ ಕಾಲಂ ಇದೆಯೇ?

ಬೆಲೆ ಎಲ್ಲಿಂದ ಬರುತ್ತದೆಂಬುದನ್ನೂ ವಿಚಾರಿಸಿ. ಹಿಂದಿನ 30 ದಿನಗಳ ಸರಾಸರಿ ಮತ್ತು ಹಿಂದಿನ ದಿನದ ದರ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ದರ ಏರುತ್ತಿರುವಾಗ ನಿನ್ನೆಯ ದರವನ್ನೇ ಹಿಡಿದರೆ ಬೆಲೆ ಉಬ್ಬುತ್ತದೆ. ಹರಳು, ಅರಗುಗಳ ತೂಕವನ್ನು ಕಳೆಯಬೇಕು. 20 ಕ್ಯಾರೆಟ್ಟಿನ 33 ಗ್ರಾಂ ಸರವನ್ನು 22 ಕ್ಯಾರೆಟ್ಟಿನ 30 ಗ್ರಾಂ ಎಂದೇ ಎಣಿಸಬೇಕು. ನಮ್ಮ ಅಪ್ರೈಸರ್ ಇದನ್ನೆಲ್ಲ ಬೆರಳ ತುದಿಯಲ್ಲಿ ಮಾಡುತ್ತಿದ್ದರು. ಯಂತ್ರಕ್ಕೆ ಯಾರಾದರೂ ಹೇಳಿಕೊಡದೆ ಗೊತ್ತಾಗುವುದಿಲ್ಲ.

ಕಡತಪಾಲಕ:

ಇಬ್ಬರಿಗೂ ಧನ್ಯವಾದಗಳು. ಮೊದಲ ಕಾಲಂನಲ್ಲಿ ‘ಮೌಲ್ಯ’ ಎಂದಷ್ಟೇ ಇದೆ, ಹಿಟ್ ಪಾಲಿಸಿ ‘ಫಸ್ಟ್’. ಮೇಡಂ ಕೇಳಿದ ಮರುಪಾವತಿ ವಿಧಾನಕ್ಕೂ ಸಾಲದ ಉದ್ದೇಶಕ್ಕೂ ಕಾಲಂಗಳಿದ್ದವು. ಏನು ತುಂಬಬೇಕೆಂದು ತಿಳಿಯದೆ ಮೂರೂ ಸಾಲುಗಳಲ್ಲಿ ಖಾಲಿ ಬಿಟ್ಟಿದ್ದೆವು.

ನಿಯಮಯಂತ್ರ:

ಹಾಗಾದರೆ ಮೇಡಂ ಅನುಮಾನಿಸಿದ್ದು ನಿಜವಾಯಿತು. ಎಕ್ಸೆಲ್ ಕೋಷ್ಟಕಗಳಿಂದ ನಿಯಮಗಳನ್ನು ತಯಾರಿಸುವ ಡ್ರೂಲ್ಸ್‌ನಂತಹ ತಂತ್ರಾಂಶಗಳಲ್ಲಿ ಖಾಲಿ ಕೋಶಕ್ಕೆ ‘ಇನ್ನೂ ತೀರ್ಮಾನಿಸಿಲ್ಲ’ ಎಂಬ ಅರ್ಥವಿಲ್ಲ. ‘ಈ ಷರತ್ತು ಇಲ್ಲಿ ಲೆಕ್ಕಕ್ಕಿಲ್ಲ’ ಎಂದರ್ಥ. ಅಂದರೆ ಬುಲೆಟ್ ಸಾಲವಾದರೂ ಮಾಸಿಕ ಕಂತಾದರೂ ಒಂದೇ ಎಂಬ ನೀತಿಯನ್ನು ಗೊತ್ತಿಲ್ಲದೆಯೇ ಜಾರಿಗೆ ತಂದಿದ್ದೀರಿ. ಉದ್ದೇಶದ ಕಾಲಂ ಕೂಡ ಮುಖ್ಯ: ಈ ಮೂರು ಹಂತಗಳ ಮಿತಿ ಇರುವುದು ಸ್ವಂತ ಖರ್ಚಿಗೆಂದು ಪಡೆಯುವ ಬಳಕೆಯ ಸಾಲಗಳಿಗೆ, ಆದಾಯ ತರುವ ಉದ್ದೇಶದ ಸಾಲಗಳಿಗೆ ನಿಮ್ಮ ಬ್ಯಾಂಕಿನದ್ದೇ ನೀತಿ ಬೇಕು. ಯಾವ ಕೋಶವನ್ನೂ ಖಾಲಿ ಬಿಡಬೇಡಿ. ನಿಜಕ್ಕೂ ಲೆಕ್ಕಕ್ಕಿಲ್ಲವೆಂದಾದರೆ ಅಡ್ಡಗೆರೆ ಹಾಕಿ. ಡಿಎಂಎನ್‌ನಲ್ಲಿಯೂ ಅದೇ ರೂಢಿ, ನೋಡಿದವರಿಗೆ ಅದು ಮರೆವಲ್ಲವೆಂದು ತಿಳಿಯುತ್ತದೆ.

ಜಾರಿಯ ದಿನಾಂಕಕ್ಕೂ ಎರಡು ಕಾಲಂ ಸೇರಿಸಿ. 2020ರ ಆಗಸ್ಟ್‌ನಿಂದ 2021ರ ಮಾರ್ಚ್ 31ರವರೆಗೆ ವಾಣಿಜ್ಯ ಬ್ಯಾಂಕುಗಳಿಗೆ ಶೇ. 90ರವರೆಗೆ ಅವಕಾಶವಿತ್ತು. ಅವಧಿ ಮುಗಿದ ದಿನ ಯಾರೋ ನೆನಪಿಟ್ಟುಕೊಂಡು ಅಂಕಿಯನ್ನು ತಿದ್ದುವುದಕ್ಕಿಂತ, ಸಾಲು ತಾನಾಗಿಯೇ ನಿಲ್ಲುವಂತಿರುವುದು ಲೇಸು.

ಕಡತಪಾಲಕ:

ಈ ಬಾರಿ ಕೆಲಸವನ್ನು ತಿರುವುಮುರುವು ಮಾಡಿದೆವು. ಮೊದಲು ಸಾಲ ವಿಭಾಗದವರನ್ನು ಕೂರಿಸಿಕೊಂಡು, ಟೆಂಪ್ಲೇಟನ್ನು ತೆರೆಯದೆ, ಹಾಳೆಯ ಮೇಲೆ ನಲವತ್ತು ಉದಾಹರಣೆಗಳಿಗೆ ಕೈಯಿಂದ ಉತ್ತರ ಬರೆಸಿದೆವು. ಅನಂತರ ಕೋಷ್ಟಕ ತುಂಬಿ ಹೋಲಿಸಿದೆವು. 3 ಲಕ್ಷಕ್ಕೆ 2.50, 3.20ಕ್ಕೆ 2.56, 6.50ಕ್ಕೆ 5, 7 ಲಕ್ಷಕ್ಕೆ 5.25 ಲಕ್ಷ ಬಂದಿತು; ಕೈಲೆಕ್ಕವೂ ಅದೇ. ಹಳೆಯ ಬಾಕಿ ಇರುವವರಿಗೆ 2.5 ಮತ್ತು 5 ಲಕ್ಷದ ಗೆರೆಗಳಿಂದ ಆ ಬಾಕಿಯನ್ನು ಕಳೆದಿದ್ದರಿಂದ ಮೇಡಂ ಹೇಳಿದ ಬಳೆಗಳಿಗೆ 80,000 ಬಂದಿತು.

ಆದರೆ ಅಲ್ಲಿಯೇ ಒಂದು ಚರ್ಚೆ ಎದ್ದಿತು. ಆ 2 ಲಕ್ಷದ ಹಳೆಯ ಸಾಲವನ್ನು ಶೇ. 85ರಲ್ಲಿ ಕೊಟ್ಟಿದ್ದರೆ, ಒಟ್ಟು ಮೊತ್ತ ಗೆರೆ ದಾಟಿದ ಮೇಲೆ ಅದರ ಅನುಪಾತವನ್ನೂ ಇಳಿಸಬೇಕೇ? ಸಭೆಯಲ್ಲಿ ಇಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು. ಆದ್ದರಿಂದ ಅಂಥ ಅರ್ಜಿಗಳಿಗಾಗಿ, ಈ ಕೋಷ್ಟಕಕ್ಕಿಂತ ಮೊದಲು ನೋಡುವ, ಒಂದೇ ಸಾಲಿನ ಪ್ರತ್ಯೇಕ ಕೋಷ್ಟಕವನ್ನು ಸೇರಿಸಿದ್ದೇವೆ. ಅದರ ಉತ್ತರದ ಕೋಶದಲ್ಲಿ ಅಂಕಿಯಿಲ್ಲ. ‘ಪ್ರಧಾನ ಕಚೇರಿಯ ಸಾಲ ವಿಭಾಗಕ್ಕೆ ಕಳುಹಿಸಿ’ ಎಂದಿದೆ.